ಕೆಂಪು ದಾರದ ಕುಬಸ

ಜಮಖಾನಾರೂಢರಾದ, ಆರತಿ ತಟ್ಟೆಗಳಿಂದ ಅಲಂಕೃತರಾದ, ಬಾಯಲ್ಲಿ ಎಲೆಯಡಿಕೆಯನ್ನೂ ಮನಸ್ಸಿನಲ್ಲಿ ಪಕ್ಕದ ಮನೆಯ ಸುದ್ದಿಯನ್ನೂ ಏಕಕಾಲಕ್ಕೆ ಅಗಿಯಬಲ್ಲ ಮಹಾಶಕ್ತಿಯುಳ್ಳ, ಬೆಟಗೇರಿ ಮಗ್ಗದ ಓಣಿಯ ಸಮಸ್ತ ಮಹಿಳಾ ಮಹಾಸಭೆಯ ಸನ್ನಿಧಾನಕ್ಕೆ, ಇನ್ನೂ ಹುಟ್ಟದೇ ಇರುವ ಒಬ್ಬಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಇಸವಿ ಎರಡು ಸಾವಿರದ ನಾನೂರ ಎಂಬತ್ತೊಂಬತ್ತು, ಒಂಬತ್ತನೆಯ ತಿಂಗಳು, ನಲವತ್ತೊಂದನೆಯ ತಾರೀಖು. ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಕ್ಕೆ ಒಂಬತ್ತೇ ತಿಂಗಳು, ತಿಂಗಳಿಗೆ ನಲವತ್ತು ದಿನ. ಹೊತ್ತವರ ಲೆಕ್ಕವೇ ಜಗತ್ತಿನ ಲೆಕ್ಕವಾಗಲಿ ಎಂದು ಹಿಂದೆ ಯಾವಾಗಲೋ ಹಿರಿಯರು ತೀರ್ಮಾನಿಸಿದರು. ಉಳಿದ ಐದು ದಿನಗಳಿಗೆ 'ಬಾಣಂತನ' ಎಂದು ಹೆಸರು. ಆಗ ಯಾರೂ ದುಡಿಯುವುದಿಲ್ಲ. ಗಂಡಸರು ಕೂಡ ಕಿವಿಗೆ ಹತ್ತಿ ಇಟ್ಟುಕೊಂಡು, ಹೊಗೆ ಹಾಕಿಸಿಕೊಂಡು, ಖಾರವಿಲ್ಲದ ಸಾರು ಉಂಡು ಮಲಗುತ್ತಾರೆ. ನಲವತ್ತೇ ದಿನದ ತಿಂಗಳಲ್ಲಿ ನಲವತ್ತೊಂದನೆಯ ತಾರೀಖು ಎಲ್ಲಿಂದ ಬಂತು ಎಂದು ನಿಮ್ಮಲ್ಲಿ ಯಾರಾದರೂ ಜಾಣೆಯರು ಕೇಳಿದರೆ, ಸ್ವಲ್ಪ ತಾಳಿ. ಅದಕ್ಕೂ ಉತ್ತರವಿದೆ, ಕೊನೆಯಲ್ಲಿದೆ.

ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ಇಷ್ಟು ಶತಮಾನಗಳಲ್ಲಿ ಭಾಷೆಯೂ ಹಳೆಯ ಸೀರೆಯಂತೆ ಕೆಲವು ಕಡೆ ಸವೆದಿದೆ, ಕೆಲವು ಕಡೆ ತೇಪೆ ಬಿದ್ದಿದೆ. ಅಲ್ಲಲ್ಲಿ ಪ್ರಾಸ ಇಣುಕಿದರೆ ಅದಕ್ಕೂ ಕ್ಷಮೆ ಇರಲಿ. ಪ್ರಾಸ ನಮ್ಮಲ್ಲಿ ಹವ್ಯಾಸವಲ್ಲ, ಹೆಚ್ಚುಕಡಿಮೆ ಕಾಯಿದೆ. ಅದು ಹೇಗೆ ಕಾಯಿದೆಯಾಯಿತು ಎಂಬುದೇ ಈ ಪತ್ರದ ವಿಷಯ, ಮತ್ತು ಆ ಕಾಯಿದೆ ಮಾಡಿದವರು ನೀವು. ಹಾಗಾಗಿ ಈ ಪತ್ರದ ಉದ್ದೇಶ ಒಂದೇ, ನಿಮ್ಮನ್ನು ಹೊಗಳುವುದು.

ನಿಮ್ಮ ಓಣಿಯಲ್ಲಿ ಭುವನಾ ಎಂಬ ಏಳು ತಿಂಗಳ ಬಸುರಿಯ ಕುಬಸ, ಅಂದರೆ ಸೀಮಂತ, ನಡೆಯಿತಲ್ಲ, ಅಂದು ಆಕೆಯ ಹೊಟ್ಟೆಯಲ್ಲಿದ್ದ ಕೂಸಿನ ಮಗಳ ಮಗಳ ಮಗಳು ಎಂದು ಹೇಳುತ್ತ ಹೋದರೆ ಉಸಿರು ಕಟ್ಟಿದ ಮೇಲೆ ಸಿಗುವವಳು ನಾನು. ಆಕೆಯ ಗಂಡ ಆಕೆಯನ್ನು ಹೊಡೆಯುತ್ತಿದ್ದ. ಮದುವೆಯಾದ ಹೊಸತರಲ್ಲಿ ಒಮ್ಮೊಮ್ಮೆ; ಹೊಟ್ಟೆ ಕಾಣಿಸಿಕೊಂಡ ಮೇಲೆ ಮೇಲಿಂದ ಮೇಲೆ. ಬಸುರಿ ಎಂದರೆ ಎಲ್ಲರೂ ಮೆತ್ತಗಾಗುತ್ತಾರೆ ಎಂಬ ನಂಬಿಕೆ ನಿಮ್ಮ ಕಾಲದಲ್ಲಿ ಇತ್ತಂತೆ. ಕೆಲವರು ಮೆತ್ತಗಾಗಲಿಲ್ಲ. ಮನೆಯೊಳಗೆ ಎಲ್ಲರ ಕಣ್ಣು ಬೇರೊಬ್ಬರ ಹೊಟ್ಟೆಯ ಮೇಲೆ ನೆಟ್ಟಾಗ ಅವರಿಗೆ ತಡೆಯಲಾಗಲಿಲ್ಲ. ಆ ಬೆಳಿಗ್ಗೆ ನೀವು ಕೂತಲ್ಲೇ ಕೂತಿದ್ದರೆ ಆ ಕೂಸು ಉಳಿಯುತ್ತಿತ್ತೋ ಇಲ್ಲವೋ ಯಾರಿಗೆ ಗೊತ್ತು. ಉಳಿಯದಿದ್ದರೆ ಈ ಪತ್ರಕ್ಕೆ ಬರೆಯುವ ಕೈಯೇ ಇರುತ್ತಿರಲಿಲ್ಲ.

ಮೊದಲು ನಮ್ಮವರ ಒಂದು ಮೂರ್ಖತನ ಹೇಳಿಬಿಡುತ್ತೇನೆ, ಹೊಗಳಿಕೆಗೆ ಉಪ್ಪಿನಕಾಯಿ ಇರಲಿ. ನಿಮ್ಮ ಕಾಲದ ಬಸುರಿಯರು ಮೈಮೇಲೆ ಬಾವು, ಕಲೆ ಹೊತ್ತು ದವಾಖಾನೆಗೆ ಬಂದಾಗ ಹೇಳುತ್ತಿದ್ದ ಮಾತು ಒಂದೇ ಎಂದು ನಮ್ಮ ವಿದ್ವಾಂಸರು ಕಂಡುಕೊಂಡರು: "ಬಚ್ಚಲದಾಗ ಜಾರಿ ಬಿದ್ದೆ." ಊರೂರಲ್ಲಿ ಅದೇ ಮಾತು, ತಲೆಮಾರು ತಲೆಮಾರಿಗೆ ಅದೇ ಬಚ್ಚಲು. ಒಬ್ಬ ಮಹಾಶಯರು ತಡಮಾಡದೆ 'ಹಳೆಯ ಬಚ್ಚಲುಗಲ್ಲುಗಳ ನುಣುಪು' ಎಂಬ ದಪ್ಪ ಪ್ರಬಂಧ ಬರೆದು, ಶಾಲು ಹೊದಿಸಿಕೊಂಡು, ಕಲ್ಲಿನ ಮೇಲೆ ಸಾಬೂನು ನೊರೆ ಸುರಿದು ಸಭೆಯಲ್ಲಿ ಪ್ರಯೋಗವನ್ನೂ ಮಾಡಿ ತೋರಿಸಿದರು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು ಕೇಳಿದಳು, ಅದೇ ಬಚ್ಚಲಲ್ಲಿ ಗಂಡಸರೂ ಮೀಯುತ್ತಿದ್ದರಲ್ಲ, ಅವರೇಕೆ ಒಬ್ಬರೂ ಜಾರಲಿಲ್ಲ? ಅಂದು ಸಭೆಯಲ್ಲಿ ಜಾರಿದ್ದು ಶಾಲು ಮಾತ್ರ.

ಆ ಪ್ರಶ್ನೆಯ ನಂತರ ನಮ್ಮವರು ಬಚ್ಚಲು ಬಿಟ್ಟು ಬಾಗಿಲ ಕಡೆ ನೋಡಿದರು. ಈಗ ನಮ್ಮಲ್ಲಿ ಬಸುರಿ ತಪಾಸಣೆಗೆ ಹೋದರೆ ತೂಕ, ರಕ್ತ, ಕೂಸಿನ ಎದೆಬಡಿತ ಇವೆಲ್ಲ ಎರಡನೆಯ ಮಾತು. ಮೊದಲು 'ಕೇಳುಗಿತ್ತಿ'. ಸೂಲಗಿತ್ತಿಯ ತಂಗಿ ಎಂದುಕೊಳ್ಳಿ. ಅವಳು ಬಾಗಿಲು ಹಾಕಿ, ನೀರು ಕೊಟ್ಟು, ಎದುರಿಗೆ ಕೂತು ಕೇಳುವುದು ಒಂದೇ: "ಮನ್ಯಾಗ ಯಾರಿಗರ ಹೆದರ್ತೀ ಏನವಾ?" ಒಮ್ಮೆ ಕೇಳಿ ಬಿಡುವುದಿಲ್ಲ, ಹೋದಾಗಲೆಲ್ಲ ಕೇಳುತ್ತಾಳೆ. ಮೊದಲ ಸಲ ಇಲ್ಲ ಎಂದವಳು ಮೂರನೆಯ ಸಲ ಸುಮ್ಮನಿರಬಹುದು, ಐದನೆಯ ಸಲ ಅಳಬಹುದು. ಯಾರನ್ನೂ ಆರಿಸಿ ಕೇಳುವುದಿಲ್ಲ. ರಾಣಿಗೂ ಅದೇ ಪ್ರಶ್ನೆ, ರೊಟ್ಟಿ ಮಾರುವವಳಿಗೂ ಅದೇ ಪ್ರಶ್ನೆ. ಅಷ್ಟು ಹೊತ್ತು ಗಂಡ ಎಲ್ಲಿರುತ್ತಾನೆ ಎಂದಿರಾ? ಹೊರಗೆ 'ಶೇಂಗಾಕಟ್ಟೆ'ಯ ಮೇಲೆ. ಎಲ್ಲ ಗಂಡಂದಿರಿಗೂ ಒಂದೊಂದು ಬುಟ್ಟಿ ಶೇಂಗಾಕಾಯಿ, ಸುಲಿಯುತ್ತ ಕೂರಬೇಕು. ಒಳಗೆ ಏನು ಮಾತಾಯಿತೆಂದು ಯಾರಿಗೂ ತಿಳಿಯುವುದಿಲ್ಲ, ಎಲ್ಲರೂ ಸುಲಿಯುವುದರಿಂದ ಯಾರಿಗೂ ಅನುಮಾನವೂ ಬರುವುದಿಲ್ಲ. ನಮ್ಮ ಊರಿನ ಶೇಂಗಾ ಚಟ್ನಿಗೆ ಇಷ್ಟು ಹೆಸರು ಬರಲು ಕಾರಣ ಈ ಗಂಡಂದಿರೇ.

ಇನ್ನೊಂದು ಪದ್ಧತಿ 'ಗಂಡೊಡಪು'. ಹೆಂಡತಿ ಪ್ರಾಸ ಕಟ್ಟಿ ಗಂಡನ ಹೆಸರು ಹೇಳುವ ಒಡಪು ನಿಮ್ಮಲ್ಲಿತ್ತಲ್ಲ, ನಮ್ಮಲ್ಲಿ ಅದು ಎರಡೂ ಕಡೆಗೆ. ಕುಬಸದ ದಿನ ಗಂಡನೂ ನಡುಮನೆಯಲ್ಲಿ ನಿಂತು ಹೆಂಡತಿಯ ಹೆಸರಿಗೆ ಒಡಪು ಹೇಳಬೇಕು, ಅದರಲ್ಲಿ ಆಕೆಯ ಬಸುರಿನ ಬಗ್ಗೆ ಅವನಿಗೆ ಗೊತ್ತಿರುವ ನಿಜ ಇರಬೇಕು. ನಮ್ಮ ಪಕ್ಕದ ಮನೆಯವನು ಹೋದ ತಿಂಗಳು ಹೇಳಿದ್ದು ಹೀಗೆ:

"ಹಗಲೆಲ್ಲ ವಾಂತಿ, ಸಂಜೀಕ ಬೇಕು ಖಾರದ ಚುರಮರಿ;
ಕಾಲಿಗಿ ಬಾವು ಬಂದೈತಿ, ಒತ್ತಾವ ನಾನು, ಹೆಸರು ರಾಜೇಶ್ವರಿ."

ಪ್ರಾಸ ಕುಂಟಿದರೆ ಯಾರೂ ನಗುವುದಿಲ್ಲ. ನಿಜ ಕುಂಟಿದರೆ ಮಾತ್ರ ಅವನನ್ನು ಆರು ತಿಂಗಳು ಕಲಿಯಲು ಕಳಿಸುತ್ತಾರೆ: ಅಡುಗೆ, ಬಟ್ಟೆ ಒಗೆತ, ಸಿಟ್ಟು ಬಂದಾಗ ಕೈಯನ್ನು ಎಲ್ಲಿಡಬೇಕು ಎಂಬ ವಿದ್ಯೆ. ಕೆಲವರು ಎರಡೆರಡು ಸಲ ಫೇಲಾಗುತ್ತಾರೆ. ಅಂಥವರ ಮನೆಗೆ ಹೆಂಡತಿ ವಾಪಸು ಬರುವುದಿಲ್ಲ, ಬರಬೇಕೆಂದು ಯಾರೂ ಹೇಳುವುದೂ ಇಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, 'ಎಳೆದಾರ'. ನಮ್ಮ ಬಸುರಿಯರು ತೊಡುವ ಕುಬಸದ ತೋಳಿಗೆ ಒಂದು ಕೆಂಪು ದಾರದ ಕಚ್ಚಾ ಹೊಲಿಗೆ ಇರುತ್ತದೆ. ಆ ದಾರದ ತುದಿ ಎಳೆದರೆ ತೋಳಿನ ಕೆಳಗಿನ ಅರ್ಧ ಕಳಚಿ ಬರುತ್ತದೆ. ಎಳೆದವಳು ಸಂತೆಯಲ್ಲಿರಲಿ, ಶಾಲೆಯಲ್ಲಿರಲಿ, ನೆಂಟರ ಮನೆಯಲ್ಲಿರಲಿ, ಕಂಡವರು ಕೆಲಸ ಬಿಟ್ಟು ಅವಳ ಪಕ್ಕ ಬಂದು ನಿಲ್ಲಬೇಕು, ಅವಳು ಎಲ್ಲಿಗೆ ಹೋಗಬೇಕು ಎನ್ನುತ್ತಾಳೋ ಅಲ್ಲಿಯವರೆಗೆ ಜೊತೆಗೆ ನಡೆಯಬೇಕು. ಹೋಗಲು ಜಾಗವಿಲ್ಲದಿದ್ದರೆ ಪ್ರತಿ ಓಣಿಗೂ ಒಂದು 'ತವರು' ಇದೆ. ಯಾರ ತಾಯಿಯ ಮನೆಯೂ ಅಲ್ಲದ, ಎಲ್ಲರಿಗೂ ತಾಯಿಮನೆಯಾದ ಮನೆ. ಬಿಸಿನೀರು, ಅನ್ನ, ಹಾಸಿಗೆ, ಒಳಗಿನಿಂದ ಹಾಕುವ ಗಟ್ಟಿ ಅಗಳಿ. ಆ ಮನೆಯಲ್ಲಿ ಆಡಬಾರದ ಮಾತು ಒಂದೇ ಇದೆ: "ಯಾವಾಗ ವಾಪಸ್ ಹೋಗ್ತೀ?" ಆ ಮಾತು ಆಡಿದವರು, ಎಷ್ಟು ದೊಡ್ಡವರಾದರೂ, ಅಂದಿನ ಪಾತ್ರೆ ತಿಕ್ಕಬೇಕು.

ಇಷ್ಟೂ ಹುಟ್ಟಿದ್ದು ನಿಮ್ಮ ಆ ಒಂದು ಬೆಳಗ್ಗೆಯಿಂದ. ನಮ್ಮ ಮಕ್ಕಳು ಪ್ರತಿ ವರ್ಷ ಅದನ್ನು ನಾಟಕವಾಡುತ್ತಾರೆ, ಹಾಗಾಗಿ ನನಗೆ ಎಲ್ಲರ ಮಾತೂ ಬಾಯಿಪಾಠ. ಅಂದಿನವರು ನೀವೇ ಆದರೂ ನಿಮ್ಮ ಕಥೆಯನ್ನು ನಿಮಗೇ ಹೇಳುತ್ತೇನೆ. ಹೊಗಳಿಸಿಕೊಳ್ಳುವವರು ತುಸು ಕೇಳಿಸಿಕೊಳ್ಳಬೇಕಾಗುತ್ತದೆ.

ಭುವನಾಳಿಗೆ ತಾಯಿ ಇರಲಿಲ್ಲ. ಅಣ್ಣನಿಗೆ ಒಮ್ಮೆ ಫೋನ್ ಮಾಡಿ ವಿಷಯ ಹೇಳಿದ್ದಳು. "ಹೆರಿಗಿ ಆದ್ಮ್ಯಾಲೆ ಎಲ್ಲಾ ಸರಿ ಹೋಗತೈತಿ, ತಡಕೋ ತಂಗಿ" ಎಂದು ಅವನು ಫೋನ್ ಇಟ್ಟಿದ್ದ. ಹೀಗಾಗಿ ಕುಬಸವೂ ಗಂಡನ ಮನೆಯಲ್ಲೇ, ಹೆರಿಗೆಯೂ ಗಂಡನ ಮನೆಯಲ್ಲೇ ಎಂದು ನಿಶ್ಚಯವಾಗಿತ್ತು. ಗಂಡ ಸಂಗಮೇಶ ಓಣಿಗೆಲ್ಲ ಬೇಕಾದವನು. ಅಣ್ಣತಮ್ಮಂದಿರ ಗೋಡೆ ಜಗಳವಿರಲಿ, ಅತ್ತೆಸೊಸೆಯರ ನಲ್ಲಿ ಜಗಳವಿರಲಿ, ಜನ ಅವನನ್ನು ಕರೆದು ಬುದ್ಧಿ ಹೇಳಿಸುತ್ತಿದ್ದರು. ಅವನು ಮೆಲುದನಿಯಲ್ಲಿ, ಕೈ ಮುಗಿದು, ತಾಳ್ಮೆಯ ಬಗ್ಗೆ ಮಾತಾಡುತ್ತಿದ್ದ. ಅವನ ಮೇಲೆ ಅನುಮಾನ ಬರಬೇಕಾದರೆ ಗೋಡೆಗೇ ಬಾಯಿ ಬರಬೇಕಿತ್ತು.

ಅಂದು ಗಂಡಸರು ಹೊರಗೆ ಶಾಮಿಯಾನದ ಕೆಳಗೆ, ಹೆಂಗಸರು ನಡುಮನೆಯಲ್ಲಿ. ಭುವನಾಳಿಗೆ ಇಳಕಲ್ಲ ಸೀರೆ ಉಡಿಸಿ, ಗುಳೇದಗುಡ್ಡದ ಖಣದ ಹೊಸ ಕುಬಸ ತೊಡಿಸಿ, ತಲೆತುಂಬ ಹೂ ಮುಡಿಸಿ ಮಣೆಯ ಮೇಲೆ ಕೂರಿಸಿದ್ದರು. ತೋಳು ಮೊಣಕೈ ದಾಟಿ ಉದ್ದವಾಗಿತ್ತು. ಬಿಸಿಲುಗಾಲದಲ್ಲಿ ಇದೆಂಥ ಉದ್ದ ತೋಳು ಎಂದು ಒಬ್ಬಿಬ್ಬರು ಅಂದುಕೊಂಡರೂ ಬಾಯಿ ಬಿಡಲಿಲ್ಲ. ಬಾಗಿಲ ಹತ್ತಿರ, ಜಮಖಾನೆ ಮುಗಿಯುವಲ್ಲಿ, ನೆಲದ ಮೇಲೆ ಮೂರು ಮನೆ ಆಚೆಯ ನೀಲಗಂಗವ್ವ ಕೂತಿದ್ದಳು. ಗಂಡ ಸತ್ತು ಬಹಳ ವರ್ಷವಾದ ಮುದುಕಿ. ಅಂಥವರು ಆರತಿ ಎತ್ತುವಂತಿಲ್ಲ, ಒಡಪು ಹೇಳುವಂತಿಲ್ಲ. ಊಟಕ್ಕೆ ಇರಬಹುದು, ಪಾತ್ರೆ ತಿಕ್ಕಲು ಇರಲೇಬೇಕು ಎಂಬುದು ನಿಮ್ಮ ಕಾಲದ ಶಾಸ್ತ್ರ.

ಆರತಿಗೆ ಮುಂಚೆ ರುಕ್ಮವ್ವ ಶುರು ಮಾಡಿದಳು. ಓಣಿಯಲ್ಲಿ ಯಾರ ಮನೆಯ ಶಾಸ್ತ್ರವಾದರೂ ನಗಿಸುವ ಗುತ್ತಿಗೆ ಅವಳದೇ. "ಏ ಭುವನಾ, ನೆಲಾ ನೋಡಿದ್ರ ಬಿಡ್ತೀವೇನ? ಹೆಸರು ಹೇಳು, ಆಮ್ಯಾಲೆ ಆರತಿ."

"ಬಿಡ್ರಿ ಪಾಪ, ಅತ್ತಿ ಎದುರಿಗಿ ನಾಚಿಕಿ ಬರತೈತಿ ಅಕೀಗಿ," ಎಂದಳು ಮತ್ತೊಬ್ಬಳು.

"ಅತ್ತಿ ಎದುರಿಗಿ ಹೊಟ್ಟಿ ಬಂದೈತಿ, ಹೆಸರು ಬರಂಗಿಲ್ಲಂತ?"

ಮನೆಯೆಲ್ಲ ನಗು. ಅತ್ತೆ ಶಾರವ್ವ ಕೂಡ ನಕ್ಕಳು. "ಹೇಳವಾ, ನನ್ನ ಮಗನ ಹೆಸರೇನು ಖಾರ ಐತೇನು ನಾಲಿಗಿಗಿ?"

ಭುವನಾ ತಲೆ ಎತ್ತಿದಳು. ಬಲಗೈಯನ್ನು ಎಡತೋಳಿನೊಳಗೆ ಹಾಕಿ, ಏನನ್ನೋ ಹುಡುಕಿ, ಎಳೆದಳು. ಸರ್ರನೆ ಕೆಂಪು ದಾರ ಬಂತು. ತೋಳಿನ ಕೆಳಗಿನ ಅರ್ಧ ಕಳಚಿ ಮಡಿಲಿಗೆ ಬಿತ್ತು. ಹಳದಿಗೆ ತಿರುಗುತ್ತಿದ್ದ ನೀಲಿ ಕಲೆ: ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ. ನೋಡಿದವರಿಗೆ ಅರ್ಥವಾಗುವ ಮೊದಲೇ ಅವಳು ಒಡಪು ಹಿಡಿದಳು:

"ಓಣ್ಯಾಗ ಹೋದರ ಉಪದೇಶ,
ಮನ್ಯಾಗ ಬಂದರ ಆವೇಶ;
ಐದು ತಿಂಗಳಿದ್ದಾಗ ಬಸುರೀಗಿ ಒದ್ದಾವ್ರ ಹೆಸರು
ನಮ್ಮ ರಾಯರು ಸಂಗಮೇಶ."

ಮೊದಲೆರಡು ಸಾಲಿಗೆ ನಕ್ಕವರಿದ್ದರು. ನಾಲ್ಕನೆಯ ಸಾಲಿಗೆ ಶಾರವ್ವ ಎದ್ದು ನಿಂತಳು. "ಆರತಿ ಹೊತ್ತಿನ್ಯಾಗ ಇದೆಂಥಾ ಮಾತು! ಯಾರ ಮನ್ಯಾಗ ಇಲ್ಲದ್ದು ಐತಿ ಇದು? ಮುಚ್ಚಿಕೋ ಕೈ."

ನಾನು ನಿಮ್ಮನ್ನು ಹೊಗಳಲು ಹೊರಟದ್ದು ಈ ಜಾಗದಿಂದ. ಏಕೆಂದರೆ ಶಾರವ್ವ ಹೇಳಿದ್ದು ಸುಳ್ಳಾಗಿರಲಿಲ್ಲ. ಅಲ್ಲಿ ಕೂತ ಎಷ್ಟೋ ಜನರ ಮನೆಯಲ್ಲಿ ಅದು ಇತ್ತು. ಇದ್ದುದರಿಂದಲೇ ಎಲ್ಲರೂ ಸೆರಗು ಸರಿಮಾಡಿಕೊಂಡು ನೆಲ ನೋಡಬಹುದಿತ್ತು. ಆಗ ಬಾಗಿಲ ಹತ್ತಿರದಿಂದ ದನಿ ಬಂತು.

"ಶಾರೀ, ಸುಮ್ಮನಿರು. ಮುಂದಿನ ಪಾಳಿ ನಂದು."

"ನಿಂದೆಂಥಾ ಪಾಳಿ? ನೀ..."

"ಹೇಳು, ಗಂಡ ಸತ್ತಾಕಿ ಅನ್ನು. ಗಂಡ ಸತ್ತಾನ, ಹೆಸರು ಸತ್ತಿಲ್ಲ. ಕೇಳು." ನೀಲಗಂಗವ್ವ ಎದ್ದು, ಜಮಖಾನೆ ತುಳಿದು, ಮಣೆಯ ಪಕ್ಕ ಬಂದು ಭುವನಾಳ ಬರಿಗೈ ಹಿಡಿದುಕೊಂಡು ನಿಂತಳು.

"ಕುಂಕುಮ ಅಳಿಸಿದ್ರು, ಬಳಿ ಒಡದ್ರು,
ಅಳಿಯಲಿಲ್ಲ ಬೆನ್ನಿನ ಕಪ್ಪ;
ಎರಡು ಕೂಸು ಹೊಟ್ಟ್ಯಾಗ ಕೊಂದಾರ,
ಹೆಸರು ಕೈಲಾಸವಾಸಿ ಚನ್ನಪ್ಪ."

ನಾಟಕದಲ್ಲಿ ಈ ಮಾತು ಬಂದಾಗ ನಮ್ಮ ಮಕ್ಕಳು ಚಪ್ಪಾಳೆ ತಟ್ಟುವುದಿಲ್ಲ, ಎದ್ದು ನಿಲ್ಲುತ್ತಾರೆ. ಅಂದು ಮೊದಲು ಎದ್ದವಳು ರುಕ್ಮವ್ವ. ನಗಿಸುವ ರುಕ್ಮವ್ವ ನಗದೆ ಹೋಗಿ ಬಾಗಿಲಿನ ಅಗಳಿ ಹಾಕಿದಳು. ಯಾರೂ ಭುವನಾಳಿಗೆ "ನೀ ಏನ್ ಮಾಡಿದ್ದಿ ಮತ್ತ?" ಎಂದು ಕೇಳಲಿಲ್ಲ. "ಮೊದಲ ಯಾಕ ಹೇಳಲಿಲ್ಲ?" ಎಂದೂ ಕೇಳಲಿಲ್ಲ. ರುಕ್ಮವ್ವ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದ್ದು ಇಷ್ಟೇ: "ಇಲ್ಲೇ ಇರ್ತೀ ಏನು ಹೋಗ್ತೀ? ನೀ ಹೆಂಗಂದ್ರ ಹಂಗ." ನಮ್ಮ ಕೇಳುಗಿತ್ತಿಯರೆಲ್ಲ ಈ ಮಾತಿನ ಮೊಮ್ಮಕ್ಕಳು.

"ಹೋಗ್ತೀನಿ," ಎಂದಳು ಭುವನಾ.

ಆಮೇಲೆ ನೀವು ಮಾಡಿದ್ದು ನನಗೆ ಎಷ್ಟು ಸಲ ಕೇಳಿದರೂ ಮೈ ಜುಮ್ಮೆನ್ನುವ ಸಂಗತಿ. ಬೇರೆ ಯಾರಾದರೂ ಆಗಿದ್ದರೆ ಕೂಗಾಡುತ್ತಿದ್ದರು, ಕಲ್ಲು ಎತ್ತುತ್ತಿದ್ದರು. ನೀವು ಆರತಿ ಹೊತ್ತಿಸಿದಿರಿ. ಉರಿಯುವ ಆರತಿ ಹಿಡಿದು ಬರುವ ಹೆಂಗಸಿಗೆ ಅಡ್ಡ ನಿಲ್ಲುವ ಗಂಡಸು ನಿಮ್ಮ ಓಣಿಯಲ್ಲಿ ಹುಟ್ಟಿರಲಿಲ್ಲ, ಅದು ನಿಮಗೆ ಗೊತ್ತಿತ್ತು. ತಟ್ಟೆಗಳನ್ನು ಹಿಡಿದು, ನಡುವೆ ಭುವನಾಳನ್ನೂ ಅವಳ ಕೈ ಬಿಡದ ನೀಲಗಂಗವ್ವನನ್ನೂ ಇಟ್ಟುಕೊಂಡು, ಅಗಳಿ ತೆಗೆದು ಹೊರಗೆ ಬಂದಿರಿ. ಶಾಮಿಯಾನದ ಕೆಳಗೆ ಸಂಗಮೇಶ ಯಾರಿಗೋ ಬುದ್ಧಿ ಹೇಳುತ್ತಿದ್ದ. ಮಾತು ನಿಲ್ಲಿಸಿ ನಕ್ಕ. "ಎಲ್ಲಿಗಿ ಹೊಂಟ್ರಿ ಎಲ್ಲಾರೂ? ಕುಬಸ ಮುಗೀತೇನು?"

"ಮುಗಿದಿಲ್ಲೋ ಉಪದೇಶಪ್ಪ, ಈಗ ಶುರು," ಎಂದಳು ರುಕ್ಮವ್ವ. "ದಾರಿ ಬಿಡು."

ಅವನು ಹೆಂಡತಿಯ ಕೈ ನೋಡಿದ. ಕುರ್ಚಿಯ ಮೇಲಿದ್ದ ಗಂಡಸರೂ ನೋಡಿದರು. ಅವನ ಎಡಕ್ಕಿದ್ದವನು ಮೊದಲು ಕುರ್ಚಿ ಹಿಂದೆ ಸರಿಸಿದ, ಆಮೇಲೆ ಬಲಕ್ಕಿದ್ದವನು. ಉಪದೇಶ ಮಾಡುವವನ ಸುತ್ತ ಖಾಲಿ ಜಾಗವಾಯಿತು. ದಾರಿ ತಾನಾಗಿಯೇ ತೆರೆಯಿತು.

ಮೊದಲು ದವಾಖಾನೆ. ಕೂಸಿನ ಎದೆಬಡಿತ ಕೇಳಿದ ಮೇಲೆಯೇ ಭುವನಾ ಅತ್ತದ್ದು. ಆಮೇಲೆ ನೀಲಗಂಗವ್ವನ ಒಂದೂವರೆ ಕೋಣೆಯ ಮನೆ. ಹೊಸ್ತಿಲಲ್ಲಿ ಮುದುಕಿ ಹೇಳಿದಳು: "ಇದ ನಿನ್ನ ತವರು. ಬಾ." ನಮ್ಮ ತವರುಗಳ ಹೆಸರು ಬಂದದ್ದು ಅಲ್ಲಿಂದ. ಮುಂದಿನದು ಸಲೀಸಾಗಿತ್ತು ಎಂದು ಹೇಳಿ ನಿಮ್ಮ ಶ್ರಮಕ್ಕೆ ಅವಮಾನ ಮಾಡುವುದಿಲ್ಲ. ಸಂಗಮೇಶ ಕಣ್ಣೀರು ಹಾಕುತ್ತ ಪೇಢೆ ತಂದ. ಪೇಢೆ ಖಾಲಿಯಾದ ಮೇಲೆ ಬೈಯುತ್ತ ಬಂದ. ಅಣ್ಣ ಬಂದು ಮರ್ಯಾದೆಯ ಮಾತಾಡಿದ. ಭುವನಾ ಠಾಣೆಯಲ್ಲಿ ದೂರು ಬರೆಸಲು ಎರಡು ಸಲ ಹೋಗಿ ಎರಡು ಸಲ ಬಾಗಿಲಿಂದ ತಿರುಗಿ ಬಂದಳು, ಮೂರನೆಯ ಸಲ ಒಳಗೆ ಹೋದಳು. ಪ್ರತಿ ಸಲವೂ ನಿಮ್ಮಲ್ಲಿ ಯಾರಾದರೂ ಒಬ್ಬರು ರೊಟ್ಟಿ ಬಡಿಯುವುದು ಬಿಟ್ಟು ಜೊತೆಗೆ ಹೋದಿರಿ. ತಿರುಗಿ ಬಂದಾಗ ಒಬ್ಬರೂ ಮುಖ ಸಿಂಡರಿಸಲಿಲ್ಲ. ಆರತಿ ಹಿಡಿದದ್ದಕ್ಕಿಂತ ಅದು ದೊಡ್ಡದು ಎಂಬುದು ನನ್ನ ಸ್ವಂತ ಅಭಿಪ್ರಾಯ. ಆರತಿಗೆ ಹುರುಪು ಸಾಕು; ರೊಟ್ಟಿ ಬಿಟ್ಟು ಮೂರು ಸಲ ಹೋಗಲು ಕರುಳು ಬೇಕು. ಮತ್ತು ಒಂದು ಮಧ್ಯಾಹ್ನ ಹೆಣ್ಣುಕೂಸು ಹುಟ್ಟಿತು, ಗಟ್ಟಿಯಾಗಿ ಅತ್ತಿತು. ಅದರ ಅಳುವನ್ನು ಕೇಳಿ ಬೀದಿಯಲ್ಲಿದ್ದ ರುಕ್ಮವ್ವ, "ಇದಕ್ಕೂ ಒಡಪು ಬರತೈತಿ ನೋಡ್ರಿ" ಎಂದಳಂತೆ.

ನಾಟಕದ ಬಗ್ಗೆ ಒಂದು ಮಾತು. ನೀಲಗಂಗವ್ವನಾಗಲು ನಮ್ಮ ಮಕ್ಕಳಲ್ಲಿ ಹೊಡೆದಾಟ (ಕ್ಷಮಿಸಿ, ಪದ ತಪ್ಪಾಯಿತು), ಪೈಪೋಟಿ. ರುಕ್ಮವ್ವನಾಗಲು ಅದಕ್ಕಿಂತ ಹೆಚ್ಚು, ಯಾಕೆಂದರೆ ಜನ ನಗುವ ಮಾತೆಲ್ಲ ಅವಳದೇ. ಸಂಗಮೇಶನಾಗಲು ಮಾತ್ರ ಒಬ್ಬರೂ ಒಪ್ಪುವುದಿಲ್ಲ, ಚೀಟಿ ಎತ್ತಬೇಕಾಗುತ್ತದೆ. ಚೀಟಿ ಬಂದವನಿಗೆ ನಾಟಕ ಮುಗಿದ ಮೇಲೆ ಎಲ್ಲರೂ ಸೇರಿ ಎರಡು ಹೋಳಿಗೆ ಹೆಚ್ಚಿಗೆ ಬಡಿಸುತ್ತೇವೆ, ಅವನು ಅವನಲ್ಲ ಎಂದು ಅವನಿಗೇ ನೆನಪು ಮಾಡಲು.

ಇನ್ನು ಇಂಥ ಪತ್ರಗಳಲ್ಲಿ ಕೊನೆಗೆ ಒಂದು ಎಚ್ಚರಿಕೆಯೋ ಬೇಡಿಕೆಯೋ ಇರಬೇಕಂತೆ. ನಿಮಗೆ ಎಚ್ಚರಿಕೆ ಕೊಡುವಷ್ಟು ದೊಡ್ಡವಳು ನಾನಲ್ಲ. ಬೇಡಿಕೆ ಒಂದಿದೆ. ಮಹಾಸಭೆಯವರೇ, ನಾನು ಹುಟ್ಟಬೇಕೆಂದು ನನಗೆ ಬಹಳ ಆಸೆ, ಆದ್ದರಿಂದ ದಯವಿಟ್ಟು ತಾವೆಲ್ಲರೂ ಆ ಬೆಳಿಗ್ಗೆ...

ಸಾಕು. ಇನ್ನು ಮುಂದೆ ಬರೆಯಲಾಗುವುದಿಲ್ಲ. ನಲವತ್ತೊಂದನೆಯ ತಾರೀಖು ಯಾವ ಪಂಚಾಂಗದಲ್ಲೂ ಇಲ್ಲ, ಈ ಪತ್ರದ ಮೊಮ್ಮಗಳು ಯಾವ ಶತಮಾನದಲ್ಲೂ ಇಲ್ಲ. ಭುವನಾ, ನಾನು ವಿಮಲಕ್ಕ. ಕನ್ನಡದಲ್ಲಿ ಬಿ.ಎ. ಮುಗಿಸಿ ಇದೇ ಓಣಿಯಲ್ಲಿ ಬ್ಲೌಸು ಹೊಲಿಯುವ, ಪ್ರಾಸ ಕಂಡರೆ ಬಾಯಿ ಬಿಡುವ ನಿನ್ನ ಟೇಲರ್. ಕುಬಸ ನಾಳೆ ಇದೆ. ಮೇಲೆ ಬರೆದದ್ದು ಯಾವುದೂ ಇನ್ನೂ ನಡೆದಿಲ್ಲ.

ಅಳತೆ ಕೊಡಲು ಬಂದ ದಿನ ನೀನು "ಅಕ್ಕಾ, ತೋಳು ಉದ್ದ ಇಡ್ರಿ" ಎಂದೆ. ಟೇಪು ಹಿಡಿದ ನನಗೆ ಯಾಕೆಂದು ಕಾಣಿಸಿತು. ಕೇಳಿದೆ, ನೀನು ಹೇಳಿದೆ. ಒಂದು ಮಾತು ನೀಲಗಂಗವ್ವನಿಗೆ ಹೇಳಲೇ ಎಂದೆ, ನೀನು ಹೂಂ ಎಂದು ತಲೆಯಾಡಿಸಿದೆ. ಇವತ್ತು ಕುಬಸ ತೊಟ್ಟು ನೋಡಲು ಬಂದಿದ್ದೀಯ. ಈ ಕಾಗದವನ್ನು ಪರದೆಯ ಹಿಂದೆಯೇ ಓದಿ ಇಲ್ಲೇ ಬಿಟ್ಟು ಹೋಗು, ನೀನು ಬಾಗಿಲು ದಾಟುವ ಮೊದಲೇ ಒಲೆಗೆ ಹಾಕುತ್ತೇನೆ.

ಇದರಲ್ಲಿ ನಾನು ಕಟ್ಟಿದ್ದೇ ಹೆಚ್ಚು. ರುಕ್ಮವ್ವನಿಗೆ ಏನೂ ಗೊತ್ತಿಲ್ಲ. ಅವಳು ಅಗಳಿ ಹಾಕುತ್ತಾಳೆ ಎಂಬುದು ನನ್ನ ಆಸೆ. ಉಳಿದವರು ಎದ್ದು ನಿಲ್ಲುತ್ತಾರೋ, ನೆಲ ನೋಡುತ್ತಾರೋ ನಾನು ಹೇಳಲಾರೆ. ಶಾರವ್ವನ ಮಾತು ಮಾತ್ರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಆದರೆ ನೀಲಗಂಗವ್ವನ ಒಡಪು ನಾನು ಕಟ್ಟಿದ್ದಲ್ಲ. ಮೊನ್ನೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅವಳೇ ಹೇಳಿದಳು. ನನಗೆ ಪ್ರಾಸ ತಿದ್ದಲೂ ಬಿಡಲಿಲ್ಲ. "ಅಕೀಗಿ ತೋರಸು. ಅಕಿ ಹೇಳಿದ್ರ ನಾ ಹೇಳ್ತೀನಿ. ಅಕಿ ಸುಮ್ಮನಿದ್ರ ನಾನೂ ಸುಮ್ಮನಿರ್ತೀನಿ, ಆದ್ರ ಬಾಗಿಲ ಬಲ್ಲಿ ಇರ್ತೀನಿ" ಎಂದಳು. ಅವಳ ಒಳಕೋಣೆಯಲ್ಲಿ ಹಾಸಿಗೆ ಹಾಸಿದೆ. ಹೆಂಗಸರ ಸಹಾಯದ ಫೋನ್ ನಂಬರ್ ನೂರಾ ಎಂಬತ್ತೊಂದು. ಅದನ್ನು ಒತ್ತಲು ನನ್ನ ಫೋನು ನಾಳೆ ನನ್ನ ಕೈಯಲ್ಲೇ ಇರುತ್ತದೆ. ಓಣಿಯ ತುದಿಗೆ ಒಂದು ಆಟೋ ನಿಲ್ಲಲು ಹೇಳಿದ್ದೇನೆ.

ಎಳೆಯದಿದ್ದರೆ ನೀನು ಹೇಡಿ ಎಂದು ಯಾರೂ ಅನ್ನುವುದಿಲ್ಲ. ನಿನ್ನ ಮನೆ ನಿನಗೆ ಗೊತ್ತು; ಯಾವ ಹೊತ್ತು ಅಪಾಯ, ಯಾವ ಹೊತ್ತು ಅಲ್ಲ ಎಂಬುದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ನಾಳೆ ಬೇಡವೆನಿಸಿದರೆ ಈ ಒಡಪು ಹೇಳು, ಎಲ್ಲರೂ ನಗುತ್ತಾರೆ, ಆರತಿ ಆಗುತ್ತದೆ:

"ಗುಳೇದಗುಡ್ಡದ ಖಣ, ಇಳಕಲ್ಲ ಸೀರಿಯ ವೇಷ,
ನನ್ನ ಕೈ ಹಿಡದ ರಾಯರ ಹೆಸರು ಸಂಗಮೇಶ."

ನಾಡಿದ್ದು ಹುಕ್ಕು ಸಡಿಲವಾಗಿದೆ ಎಂದು ಹೇಳಿಕೊಂಡು ಬಾ. ಅದರ ಮರುದಿನವೂ ಬಾ. ನಾನು ಕೇಳುತ್ತಲೇ ಇರುತ್ತೇನೆ.

ತೋಳು ನೀನು ಹೇಳಿದಷ್ಟೇ ಉದ್ದವಿದೆ. ಕಲೆಯ ಮೇಲುಗಡೆ ಮಾತ್ರ ಕಚ್ಚಾ ಹೊಲಿಗೆ ಹಾಕಿದ್ದೇನೆ. ಕೆಂಪು ದಾರದ ತುದಿ ಒಳಮಗ್ಗುಲಲ್ಲಿದೆ, ನಿನ್ನ ಬಲಗೈಗೆ ಸಿಗುವ ಹಾಗೆ.